ತಾಯಿ ಕಟ್ಟಿದ ಬುತ್ತಿ

ಅಡುಗೆಮನೆಯಲ್ಲಿ ತೆಂಗಿನಕಾಯಿ ಒಡೆಯುವಾಗ, ಚಿಪ್ಪಿನೊಳಗಿರುವುದು ಒಂದು ಬೀಜವೆಂಬುದು ಯಾರ ನೆನಪಿಗೂ ಬರುವುದಿಲ್ಲ. ಅಲ್ಲಿನ ನೀರಾಗಲಿ ಬಿಳಿಯ ತಿರುಳಾಗಲಿ ಮನುಷ್ಯನ ಚಟ್ನಿಗಾಗಿ ಹುಟ್ಟಿದವಲ್ಲ. ಕಾಯಿಯ ಕಣ್ಣಿನ ಕೆಳಗೆ ಅಡಗಿರುವ ಪುಟ್ಟ ಭ್ರೂಣವು ಮೊಳೆತು, ಬೇರಿಳಿಸಿ, ತನ್ನ ಕಾಲಮೇಲೆ ತಾನು ನಿಲ್ಲುವವರೆಗೆ ಉಣ್ಣಲೆಂದು ತಾಯಿಮರವು ಕಟ್ಟಿಕೊಟ್ಟ ಬುತ್ತಿ ಅದು.

ಬೀಜ ಬಿಡುವ ಸಸ್ಯಗಳಲ್ಲಿ ಬಹುಪಾಲು ಹೀಗೆ ಬುತ್ತಿ ಕಟ್ಟುತ್ತವೆ. ಆದರೆ ಕಟ್ಟುವ ಹೊತ್ತಿನಲ್ಲಿ ಎರಡು ಸಂಪ್ರದಾಯಗಳುಂಟು. ಹೂಬಿಡುವ ಸಸ್ಯಗಳದು ಒಂದು. ಹೂವಿಲ್ಲದೆ ಬೀಜ ಬಿಡುವ ಪೈನ್, ದೇವದಾರು, ಗಿಂಕ್ಗೊ, ಸೈಕಸ್ ಮುಂತಾದವುಗಳದು ಇನ್ನೊಂದು. ಮೊದಲ ಗುಂಪಿನಲ್ಲಿ ಬೀಜವಾಗಬೇಕಾದ ಅಂಡಕವು ಹೂವಿನ ಅಂಡಾಶಯದೊಳಗೆ ಭದ್ರವಾಗಿರುತ್ತದೆ. ಆ ಅಂಡಾಶಯವೇ ಮುಂದೆ ಹಣ್ಣಾಗುತ್ತದೆ. ಎರಡನೆಯದರಲ್ಲಿ ಅಂಡಕಕ್ಕೆ ಅಂತಹ ಕೋಣೆಯಿಲ್ಲ. ಅದು ಹೆಣ್ಣು ಶಂಕುವಿನ ಹಲ್ಲೆಯ ಮೇಲೋ ಎಲೆಯಂತಹ ಅಂಗದ ಅಂಚಿನಲ್ಲೋ ತೆರೆದೇ ಇರುತ್ತದೆ. ಆದ್ದರಿಂದ ಅವಕ್ಕೆ ಅನಾವೃತಬೀಜ ಸಸ್ಯಗಳೆಂಬ ಹೆಸರು. ಹೊರನೋಟವನ್ನು ಮಾತ್ರ ನಂಬುವಂತಿಲ್ಲ. ಲಾಲ್‌ಬಾಗಿನಲ್ಲಿ ನೆಟ್ಟಗೆ ನಿಂತಿರುವ ಅರೊಕೇರಿಯ ಅನಾವೃತಬೀಜದ ಮರ. ಅದರಂತೆಯೇ ಸೂಜಿಯೆಲೆಯುಳ್ಳದ್ದೆಂದು ತೋರುವ ಗಾಳಿಮರವಾದರೋ ಹೂಬಿಡುವ ಕುಲಕ್ಕೆ ಸೇರಿದುದು.

ಪೈನ್ ಮರದ ಬಾಳು ನಿಧಾನದ ಬಾಳು. ವಸಂತದಲ್ಲಿ ಗಂಡು ಶಂಕುಗಳಿಂದ ಹಳದಿಯ ಪರಾಗವು ಗಾಳಿಗೆ ತೂರಿ ಹೋಗುತ್ತದೆ. ಅದರಲ್ಲಿ ಎಲ್ಲೋ ಕೆಲವು ಕಣಗಳು ಹೆಣ್ಣು ಶಂಕುವನ್ನು ಮುಟ್ಟಿ, ಅಂಡಕದ ಬಾಯಲ್ಲಿರುವ ಅಂಟುಹನಿಗೆ ಸಿಕ್ಕಿಬೀಳುತ್ತವೆ. ಆದರೆ ಆಗಿನ್ನೂ ಒಳಗೆ ಅಂಡಾಣುವೇ ಸಿದ್ಧವಾಗಿರುವುದಿಲ್ಲ. ಪರಾಗನಳಿಕೆ ಮೆಲ್ಲಮೆಲ್ಲನೆ ಬೆಳೆಯುತ್ತಿರುವಾಗ, ತಾಯಿಯ ಕಡೆಯ ಅಂಗಾಂಶವೂ ಬೆಳೆಯುತ್ತದೆ. ಎರಡೂ ಕೂಡುವ ವೇಳೆಗೆ ಸುಮಾರು ಒಂದು ವರ್ಷ ಕಳೆದಿರುತ್ತದೆ. ಮುಂದೆ ಭ್ರೂಣವು ಉಣ್ಣುವುದು ಈ ಅಂಗಾಂಶವನ್ನೇ. ಹಿಮಾಲಯದ ಕಿನ್ನೌರಿನಿಂದ ಬರುವ ಚಿಲ್ಗೋಜದ ತಿರುಳಿನಲ್ಲಿ ಬಹುಪಾಲು ಇದೇ. ಅಂದರೆ, ಕೂಸು ಹುಟ್ಟುವುದೋ ಇಲ್ಲವೋ ತಿಳಿಯುವ ಮೊದಲೇ ಬುತ್ತಿಯ ಗಂಟು ಸಿದ್ಧವಾಗಬೇಕು.

ಗಿಂಕ್ಗೊ ಮತ್ತು ಸೈಕಸ್ ಬಳಗದಲ್ಲಿ ಈ ಮುಂಗಡದ ವೆಚ್ಚ ಇನ್ನೂ ಹೆಚ್ಚು. ಗಿಂಕ್ಗೊವಿನಲ್ಲಿ ನಿಷೇಚನೆಗೆ ಮೊದಲೇ ಅಂಡಕವು ಹೆಚ್ಚುಕಡಿಮೆ ಪೂರ್ಣ ಗಾತ್ರಕ್ಕೆ ಬೆಳೆದುಬಿಡುತ್ತದೆ. ಗಂಡಿನ ಪರಾಗ ಬಾರದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. 1896ರಲ್ಲಿ ಟೋಕಿಯೋ ನಗರದ ಕೊಯಿಶಿಕಾವಾ ಉದ್ಯಾನದ ಗಿಂಕ್ಗೊ ಮರವನ್ನು ಪರೀಕ್ಷಿಸುತ್ತಿದ್ದ ಹಿರಾಸೆ ಸಕುಗೊರೊ, ಅದರ ಪುರುಷಾಣುಗಳು ಈಜುತ್ತವೆಂಬುದನ್ನು ಕಂಡುಹಿಡಿದರು. ಅದೇ ವರ್ಷ ಇಕೆನೊ ಸೈಕಸ್ ಗಿಡದಲ್ಲಿಯೂ ಇದನ್ನೇ ಕಂಡರು. ನೀರಿನಲ್ಲಿ ಬಾಳಿದ ಪೂರ್ವಜರ ಪದ್ಧತಿಯನ್ನು ಈ ಸಸ್ಯಗಳು ಇಂದಿಗೂ ಬಿಟ್ಟಿಲ್ಲ.

ಹೂಬಿಡುವ ಸಸ್ಯಗಳು ಗೃಹಕೃತ್ಯವನ್ನು ಬೇರೆ ಬಗೆಯಾಗಿ ನಡೆಸುತ್ತವೆ. ಶಲಾಕಾಗ್ರದ ಮೇಲೆ ಬಿದ್ದ ಪರಾಗವು ಬಹುಪಾಲು ಸಸ್ಯಗಳಲ್ಲಿ ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ತನ್ನ ಕಾರ್ಯ ಮುಗಿಸುತ್ತದೆ. ಆಗ ನಡೆಯುವ ವಿಶೇಷವನ್ನು 1898ರಲ್ಲಿ ರಷ್ಯದ ಸೆರ್ಗೈ ನವಾಷಿನ್ ಲಿಲ್ಲಿಯ ಜಾತಿಯ ಹೂಗಳಲ್ಲಿ ಕಂಡರು. ಪರಾಗನಳಿಕೆಯು ಎರಡು ಪುರುಷಾಣುಗಳನ್ನು ತರುತ್ತದೆ. ಒಂದು ಅಂಡಾಣುವನ್ನು ಕೂಡಿ ಭ್ರೂಣವಾಗುತ್ತದೆ. ಮತ್ತೊಂದು ಪಕ್ಕದ ಕೋಶವನ್ನು ಕೂಡಿ ಭ್ರೂಣಾಹಾರಕ್ಕೆ ಮೊದಲಾಗುತ್ತದೆ. ಕೂಸಿನ ಸುದ್ದಿ ಖಚಿತವಾದ ಬಳಿಕವೇ ಒಲೆ ಹೊತ್ತುತ್ತದೆಯೆನ್ನಬಹುದು. ತೆಂಗಿನ ನೀರು, ಅದರ ತಿರುಳು, ಅಕ್ಕಿಯ ಬಿಳಿಯ ಕಾಳು ಎಲ್ಲವೂ ಈ ಭ್ರೂಣಾಹಾರವೇ. ಅವರೆ, ಹೆಸರು, ಕಡಲೆಗಳಲ್ಲಿ ಮಾತ್ರ ಕೂಸು ಬೀಜದಲ್ಲಿರುವಾಗಲೇ ಅದನ್ನು ಹೀರಿಕೊಂಡು ತನ್ನ ಎರಡು ಬೇಳೆಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಪೈನ್ ಬೀಜಕ್ಕೆ ವರ್ಷ ಮೀರಿದ ಕಾಲ ಬೇಕಾದರೆ, ಹೂಬಿಟ್ಟ ಭತ್ತ ಸುಮಾರು ಒಂದು ತಿಂಗಳಲ್ಲಿ ಮಾಗುತ್ತದೆ. ಇಂದು ಹೂಬಿಡುವ ಸಸ್ಯಗಳ ಜಾತಿಗಳು ಸುಮಾರು 3 ಲಕ್ಷ. ಅನಾವೃತಬೀಜದವು ಸುಮಾರು 1,000 ಮಾತ್ರ. ಈ ಮಿತವ್ಯಯ, ಈ ತ್ವರೆ, ಜೊತೆಗೆ ಕೀಟಗಳ ನೆರವು ಮತ್ತು ಹಣ್ಣಿನ ಆಶ್ರಯ ಇವೆಲ್ಲ ಆ ವೈಭವಕ್ಕೆ ಕಾರಣಗಳೆಂದು ಎಣಿಸಲಾಗಿದೆ.

ಹಳೆಯ ಸಂಪ್ರದಾಯ ಎಷ್ಟು ನಾಜೂಕಾದುದೆಂಬುದಕ್ಕೆ ದಕ್ಷಿಣ ಆಫ್ರಿಕದಲ್ಲಿ ಒಂದು ನಿದರ್ಶನವಿದೆ. ಸೈಕಸ್ ಬಳಗದ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯಶಾಸ್ತ್ರಜ್ಞರು ಎನ್‌ಗೋಯೆ ಕಾಡಿನಲ್ಲಿ ಆ ಬಳಗದ ಹೊಸದೊಂದು ಜಾತಿಯನ್ನು ಕಂಡರು. ಸಿಕ್ಕಿದ್ದು ಒಂದೇ ಬುಡದ ಒಂದು ಮೆಳೆ, ಅದೂ ಗಂಡು. ಅದರ ಮರಿಯೊಂದು 1899ರಲ್ಲಿ ಲಂಡನ್ನಿನ ಕ್ಯೂ ಉದ್ಯಾನವನ್ನು ಸೇರಿತು. ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡವನ್ನು 1916ರಲ್ಲಿ ತೆಗೆದು ಸಾಗಿಸಲಾಯಿತು. ಅಲ್ಲಿಂದೀಚೆಗೆ ಹುಡುಕಾಟ ನಿಂತಿಲ್ಲ. ಡ್ರೋನ್‌ಗಳನ್ನು ಹಾರಿಸಿಯೂ ಕಾಡನ್ನು ಜಾಲಾಡಿದ್ದಾರೆ. ಹೆಣ್ಣು ಗಿಡ ದೊರೆತಿಲ್ಲ. ಎನ್ಸೆಫಲಾರ್ಟೋಸ್ ವುಡಿಯೈ ಎಂಬ ಆ ಜಾತಿಯ ಗಿಡಗಳು ಇಂದು ಹಲವು ದೇಶಗಳ ಉದ್ಯಾನಗಳಲ್ಲಿವೆ. ಎಲ್ಲವೂ ಆ ಒಂದೇ ಗಂಡಿನ ಮರಿಗಳು. ನೆರೆಯ ಜಾತಿಯ ಹೆಣ್ಣಿನೊಡನೆ ಕೂಡಿಸಿದರೆ ಬೀಜವೇನೋ ಆಗುತ್ತದೆ, ಆದರೆ ಆ ಸಂತಾನ ಬೆರಕೆಯದು. ಕ್ಯೂ ಉದ್ಯಾನದ ಗಿಡ 2004ರಲ್ಲಿ ಶಂಕು ಬಿಟ್ಟಿತು. ಆ ಪರಾಗಕ್ಕೆ ಕಾದಿರುವ ತಾಯಿ ಎಲ್ಲಿಯೂ ಇರಲಿಲ್ಲ.

ಕರ್ನಾಟಕಕ್ಕೂ ಈ ಮಾತು ದೂರದ್ದಲ್ಲ. ಪಶ್ಚಿಮ ಘಟ್ಟಗಳಲ್ಲಿ ಈಚಲನ್ನು ಹೋಲುವ ಸೈಕಸ್ ಸರ್ಸಿನಾಲಿಸ್ ಎಂಬ ಗಿಡವುಂಟು. ಅದರಲ್ಲಿಯೂ ಗಂಡು ಹೆಣ್ಣು ಬೇರೆ ಬೇರೆ. ಅದೂ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಕಾಡು ಕಡಿದು ಗಿಡಗಳು ಚದುರಿದಂತೆಲ್ಲ ಗಂಡಿಗೂ ಹೆಣ್ಣಿಗೂ ನಡುವಣ ದೂರ ಹೆಚ್ಚುತ್ತದೆ. ಇಂತಹ ಸಸ್ಯವನ್ನು ಕಾಯುವವರು ಗಿಡಗಳ ಒಟ್ಟು ಲೆಕ್ಕ ಹಿಡಿದರೆ ಸಾಲದು. ಒಂದರ ಪರಾಗ ಇನ್ನೊಂದನ್ನು ಮುಟ್ಟುವಷ್ಟು ಹತ್ತಿರದಲ್ಲಿ ಎರಡೂ ಇರುವಂತೆ ಕಾಡನ್ನು ಉಳಿಸಬೇಕು. ಬುತ್ತಿ ಕಟ್ಟುವ ತಾಯಿ ಇಲ್ಲವಾದ ಮೇಲೆ, ಶತಮಾನ ಕಾಯ್ದರೂ ಬೀಜವಾಗದು.