ಜಾಲತಾಣವೂ ವೀರಗಲ್ಲೂ

ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳ ಇತಿಹಾಸ ಪಾಠಕ್ಕೆ ಈಚೆಗೆ ಹೊಸದೊಂದು ಅಂಗ ಸೇರಿಕೊಂಡಿದೆ. ಅದಕ್ಕೆ ‘ಪ್ರಾಜೆಕ್ಟ್’ ಎಂದು ಹೆಸರು. ಹುಡುಗನಿಗೆ ಒಂದು ವಿಷಯವನ್ನು ಕೊಡುತ್ತಾರೆ. ಅವನು ಮನೆಗೆ ಬಂದು ತಂದೆಯ ಮೊಬೈಲಿನಲ್ಲಿ ಅದನ್ನು ಹುಡುಕುತ್ತಾನೆ. ಮೊದಲು ತೋರಿದ ಜಾಲತಾಣದಿಂದ ನಾಲ್ಕು ಪುಟಗಳನ್ನೂ ಎರಡು ಚಿತ್ರಗಳನ್ನೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಬಣ್ಣದ ಹಾಳೆಗೆ ಅಂಟಿಸಿ, ಸುತ್ತಲೂ ಸ್ಕೆಚ್ ಪೆನ್ನಿನಿಂದ ಅಂಚು ಬರೆದು ಗುರುಗಳಿಗೆ ಒಪ್ಪಿಸುತ್ತಾನೆ. ಗುರುಗಳು ಅಂಚಿನ ಅಂದವನ್ನು ಕಂಡು ಅಂಕ ಕೊಡುತ್ತಾರೆ. ಈ ವ್ಯವಹಾರದಲ್ಲಿ ಎಲ್ಲರಿಗೂ ತೃಪ್ತಿಯುಂಟು, ಇಲ್ಲದಿರುವುದು ಇತಿಹಾಸವೊಂದೇ.

ಇಷ್ಟು ಹೇಳಿದುದರಿಂದ ನಾನು ಅಂತರ್ಜಾಲದ ವೈರಿಯೆಂದು ವಾಚಕರು ಭಾವಿಸಬಾರದು. ಅದರಿಂದ ಒದಗಿರುವ ಉಪಕಾರ ಅಲ್ಪವಾದುದಲ್ಲ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸೀಮೆಯ ಊರೂರು ತಿರುಗಿ ಸಂಗ್ರಹಿಸಿದ ಸಾವಿರಾರು ಶಾಸನಗಳು 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಾಗಿ ಹೊರಬಂದವು. ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿ, ಅದೂ ಅಧ್ಯಾಪಕರ ಪರಿಚಯಪತ್ರವಿದ್ದವರಿಗೆ ಮಾತ್ರ ನೋಡಲು ಸಿಕ್ಕುತ್ತಿದ್ದ ಆ ಸಂಪುಟಗಳು ಇಂದು ಕಾಸು ಖರ್ಚಿಲ್ಲದೆ ಹಳ್ಳಿಯ ಮೇಷ್ಟರ ಕೈಯಲ್ಲಿ ತೆರೆದುಕೊಳ್ಳುತ್ತವೆ. ಶಾಸನಗಳನ್ನು ತಾಲ್ಲೂಕಿನ ಕ್ರಮದಲ್ಲಿ ಜೋಡಿಸಿ, ಮೂಲಪಾಠದೊಡನೆ ಇಂಗ್ಲಿಷ್ ಅನುವಾದವನ್ನೂ ಕೊಟ್ಟಿರುವುದರಿಂದ ಹುಡುಕುವುದು ಕಷ್ಟವಲ್ಲ. ಇಂತಹ ಭಂಡಾರದ ಬಾಗಿಲು ತೆರೆದಿರುವಾಗ ನಮ್ಮ ಮಕ್ಕಳು ಹೊಸಿಲಿನಲ್ಲಿ ಬಿದ್ದ ಚೂರುಗಳನ್ನು ಆಯ್ದುಕೊಂಡು ಹಿಂದಿರುಗುತ್ತಿದ್ದಾರಲ್ಲಾ ಎಂಬುದೇ ನನ್ನ ವ್ಯಥೆ.

ಒಂದು ಉದಾಹರಣೆಯನ್ನು ನೋಡೋಣ. ‘ಬೆಂಗಳೂರಿಗೆ ಆ ಹೆಸರು ಹೇಗೆ ಬಂತು?’ ಎಂಬುದು ಶಾಲೆಗಳಲ್ಲಿ ಪ್ರಿಯವಾದ ವಿಷಯ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಆದುದರಿಂದ ಅದು ‘ಬೆಂದಕಾಳೂರು’ ಆಯಿತು ಎಂದು ಹತ್ತಾರು ಜಾಲತಾಣಗಳು ಒಂದೇ ದನಿಯಲ್ಲಿ ಹೇಳುತ್ತವೆ. ಹತ್ತು ಕಡೆ ಕಂಡದ್ದು ನಿಜವಿರಲೇಬೇಕೆಂದು ಹುಡುಗ ತೀರ್ಮಾನಿಸುತ್ತಾನೆ. ಆ ಹತ್ತೂ ಒಂದನ್ನೊಂದು ನೋಡಿ ಬರೆದುಕೊಂಡವೆಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ಅತ್ತ, ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ವೀರಗಲ್ಲೊಂದಿದೆ. ವಿದ್ವಾಂಸರು ಅದನ್ನು ಸುಮಾರು ಕ್ರಿ. ಶ. 890ಕ್ಕೆ ಸೇರಿಸುತ್ತಾರೆ. ಬೆಂಗಳೂರಿನ ಕಾಳಗದಲ್ಲಿ ವೀರನೊಬ್ಬನು ಮಡಿದುದನ್ನು ಅದು ದಾಖಲಿಸುತ್ತದೆ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅರಸನು ಕಾಳು ತಿನ್ನುವುದಕ್ಕೆ ಮುನ್ನೂರು ವರ್ಷಗಳಷ್ಟು ಮೊದಲೇ ಊರಿಗೆ ಹೆಸರಿತ್ತು!

ಈ ಕೂಡಿಸಿ ಕಳೆಯುವ ಲೆಕ್ಕವನ್ನು ಹನ್ನೆರಡು ವರ್ಷದ ಮಗು ತಾನೇ ಮಾಡಬಲ್ಲುದು. ಮಾಡಿದಾಗ ಅದರ ಕಣ್ಣಿನಲ್ಲಿ ಮೂಡುವ ಬೆಳಕು ಅಂಟಿಸಿದ ನಾಲ್ಕು ಪುಟಗಳಿಂದ ಎಂದಿಗೂ ಮೂಡದು. ಹಾಗೆಂದು ಮುದುಕಿಯ ಕಥೆಯನ್ನು ಕಸದ ಬುಟ್ಟಿಗೆ ಎಸೆಯಬೇಕೆಂದು ನಾನು ಹೇಳುವುದಿಲ್ಲ. ಸಾಹಿತ್ಯದ ಮೇಷ್ಟರಾದವನು ಹಾಗೆ ಹೇಳಲಾರ. ಬಡವಿಯ ಗುಡಿಸಲಿನಲ್ಲಿ ಅರಸನ ಹಸಿವು ಹಿಂಗಿತೆಂಬ ಆ ಕಲ್ಪನೆಯಲ್ಲಿ ಜನಮನಸ್ಸಿನ ಔದಾರ್ಯವಿದೆ. ನಮ್ಮ ಭಾಷೆಯಲ್ಲಿ ‘ಐತಿಹ್ಯ’ ಎಂಬ ಮಾತೂ ಇದೆ, ‘ಇತಿಹಾಸ’ ಎಂಬ ಮಾತೂ ಇದೆ. ಒಂದು ಜನ ನಂಬಿ ಹೇಳಿಕೊಂಡು ಬಂದದ್ದು. ಇನ್ನೊಂದು ಆಧಾರವನ್ನು ತೋರಿಸಿ ಹೇಳಬೇಕಾದದ್ದು. ಎರಡನ್ನೂ ಆದರಿಸಿ, ಎರಡನ್ನೂ ಬೇರೆಬೇರೆಯಾಗಿ ಇಡುವುದನ್ನು ಕಲಿಸಿದರೆ ಇತಿಹಾಸದ ಪಾಠ ಮುಕ್ಕಾಲು ಪಾಲು ಮುಗಿದಂತೆ.

ಎಳೆಯ ಮಕ್ಕಳಿಗೆ ಆಧಾರಗಳ ವಿಮರ್ಶೆ ಭಾರವಾದೀತೆಂದು ಕೆಲವು ಉಪಾಧ್ಯಾಯ ಮಿತ್ರರು ಆಕ್ಷೇಪಿಸುತ್ತಾರೆ. ಆದರೆ ಅಜ್ಜಿಯ ಕಥೆ ಮುಗಿಯುತ್ತಲೇ ‘ಇದು ನಿಜವಾಗಿ ನಡೆದದ್ದೇ?’ ಎಂದು ಕೇಳದ ಮಗುವುಂಟೇ? ಆ ಸಹಜವಾದ ಪ್ರಶ್ನೆಯನ್ನು ಶಾಲೆ ಅಡಗಿಸದಿದ್ದರೆ ಸಾಕು. ಜಾಲತಾಣವನ್ನು ತೆರೆದಾಗ ಮಗು ಮೂರು ಮಾತು ಕೇಳಲಿ: ಇದನ್ನು ಬರೆದವರು ಯಾರು? ಅವರು ತೋರಿಸುವ ಆಧಾರವೇನು? ಆ ಆಧಾರ ಘಟನೆಗೆ ಎಷ್ಟು ಹತ್ತಿರದ ಕಾಲದ್ದು?

ತಾಣಗಳು ಪರಸ್ಪರ ಒಪ್ಪದಿದ್ದರೆ ಇನ್ನೂ ಒಳ್ಳೆಯದು. ಕನ್ನಡದ ಮೊದಲ ಶಾಸನ ಬೇಲೂರು ತಾಲ್ಲೂಕಿನ ಹಲ್ಮಿಡಿಯದೆಂದು ಬಹುಕಾಲದಿಂದ ಓದುತ್ತ ಬಂದಿದ್ದೇವೆ. ಅದರಲ್ಲಿ ವರ್ಷದ ಉಲ್ಲೇಖವಿಲ್ಲ. ಸುಮಾರು 450 ಎಂಬುದು ಲಿಪಿ, ಭಾಷೆ, ಉಕ್ತವಾದ ಅರಸುಗಳ ಹೆಸರುಗಳಿಂದ ಮಾಡಿದ ಊಹೆ. ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು, ಸುಮಾರು 370ರದು ಎಂದು ಈಚೆಗೆ ಕೆಲವರು ವಾದಿಸಿದ್ದಾರೆ. ‘ಯಾವುದು ಸರಿ, ಒಂದು ಅಂಕ’ ಎಂದು ಕೇಳುವ ಬದಲು, ವಿದ್ವಾಂಸರು ಏಕೆ ಭಿನ್ನರಾಗುತ್ತಾರೆ ಎಂದು ತರಗತಿಯಲ್ಲಿ ಚರ್ಚಿಸಬಾರದೇಕೆ?

ಜಾಲತಾಣ ಮಗುವನ್ನು ಕೊನೆಗೆ ತನ್ನ ಊರಿನ ಕಲ್ಲಿನ ಎದುರಿಗೆ ತಂದು ನಿಲ್ಲಿಸಬೇಕು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ದೂರದ ಪಿರಮಿಡ್ಡಿನ ಚಿತ್ರವನ್ನು ಅಂಟಿಸುವ ಹುಡುಗ, ತಾನು ದಿನವೂ ಚೀಲ ಒರಗಿಸುವ ಕಲ್ಲು ಸಾವಿರ ವರ್ಷದ ವೀರಗಲ್ಲೆಂದು ಅರಿಯನು. ರೈಸ್ ಅವರು ಓದಿದ ಕಲ್ಲುಗಳಲ್ಲಿ ಎಷ್ಟೋ ಇಂದು ಇದ್ದೆಡೆಯಲ್ಲಿ ಇಲ್ಲ. ರಸ್ತೆಗೆ, ಪಾಯಕ್ಕೆ, ಚಪ್ಪಡಿಗೆ ಸಂದುಹೋಗಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಅಗೆತದ ಮಣ್ಣಿನಿಂದ ಹೊರಬಂದಾಗ ಅದನ್ನು ಉಳಿಸಿದವರು ಆಸಕ್ತರಾದ ಸಾಮಾನ್ಯ ನಾಗರಿಕರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದ ಗಣಕಚಿತ್ರಗಳಾಗಿ ಕಾದಿಡುವ ಕೆಲಸಕ್ಕೆ ಕೈಹಾಕಿತು. ಚಿತ್ರ ಉಳಿಯುವುದು ಸಂತೋಷವೇ. ಆದರೆ ಕಲ್ಲು ಉಳಿಯಬೇಕಾದರೆ ಅದರ ಪಕ್ಕದಲ್ಲಿ ಬಾಳುವವರಿಗೆ ಅದರ ಬೆಲೆ ತಿಳಿದಿರಬೇಕು. ಅದನ್ನು ತಿಳಿಸುವ ಸ್ಥಳ ಶಾಲೆಯಲ್ಲದೆ ಮತ್ತಾವುದು?

ಇದರಲ್ಲಿ ಕನ್ನಡ ಅಧ್ಯಾಪಕರ ಪಾಲೂ ಇದೆ. ಶಾಸನದ ಹಳಗನ್ನಡವನ್ನು ಬಿಡಿಸಿ ಹೇಳಲು ಇತಿಹಾಸದ ಉಪಾಧ್ಯಾಯರೊಬ್ಬರಿಂದಲೇ ಆಗದು. ಮಗುವಿಗೆ ಎಟುಕುವ ತಿಳಿಗನ್ನಡದಲ್ಲಿ, ಆಧಾರವನ್ನು ಸೂಚಿಸಿ ಬರೆದ ತಾಣಗಳು ಇನ್ನೂ ವಿರಳ. ಇಂಗ್ಲಿಷ್ ಬಲ್ಲ ಮಗುವಿಗೆ ತೆರೆದ ಬಾಗಿಲು ಕನ್ನಡ ಶಾಲೆಯ ಮಗುವಿಗೆ ಅರೆಮುಚ್ಚಿದೆ. ಕಾಲೇಜಿನ ನಾವು ತಾಲ್ಲೂಕಿಗೆ ಹತ್ತು ಶಾಸನಗಳನ್ನಾದರೂ ಸರಳವಾಗಿ ಅನುವಾದಿಸಿ ಜಾಲಕ್ಕೆ ಏರಿಸಿದರೆ ಅದು ನಮ್ಮ ಎಷ್ಟೋ ಸಂಶೋಧನ ಪ್ರಬಂಧಗಳಿಗಿಂತ ಹೆಚ್ಚು ಬಾಳೀತು.

ಕೇಳಿದೊಡನೆ ಪ್ರಬಂಧವನ್ನೇ ಹೆಣೆದುಕೊಡುವ ಯಂತ್ರಗಳು ಈಗ ಬಂದಿವೆ. ನಕಲು ಮಾಡುವ ಶ್ರಮವೂ ಇನ್ನು ಮಗುವಿಗೆ ಉಳಿಯಲಿಲ್ಲ. ಆದುದರಿಂದ ಬದಲಾಗಬೇಕಾದುದು ನಾವು ಕೊಡುವ ಪ್ರಶ್ನೆ. ‘ಗಂಗರ ವಿಷಯ ಬರೆದು ತಾ’ ಎಂಬುದಕ್ಕೆ ಬದಲಾಗಿ ‘ನಿನ್ನ ಊರಿನ ಹೆಸರು ಮೊದಲು ಯಾವ ಶಾಸನದಲ್ಲಿದೆ? ಆ ಕಲ್ಲು ಈಗ ಎಲ್ಲಿದೆ? ನೋಡಿ ಬಂದು ಹೇಳು’ ಎಂದು ಈ ವರ್ಷ ಒಂದು ತರಗತಿಯಲ್ಲಾದರೂ ಕೇಳಿ ನೋಡೋಣ. ಕಲ್ಲು ಸಿಕ್ಕದಿದ್ದರೆ ‘ಸಿಕ್ಕಲಿಲ್ಲ’ ಎಂದು ಬರೆದುಕೊಂಡು ಬಂದ ಮಗುವಿಗೂ ಪೂರ್ಣ ಅಂಕಗಳನ್ನು ಕೊಡೋಣ.