ಯುವಜನರ ನಿರೀಕ್ಷೆ ಮತ್ತು ಹಿರಿಯರ ಹೊಣೆ

“ಓದದಿದ್ದರೆ ದನ ಕಾಯಬೇಕಾದೀತು” ಎಂಬ ಗದರಿಕೆಯನ್ನು ಕೇಳದೆ ಬೆಳೆದ ಮಗು ಗೌರಿಬಿದನೂರು ಸೀಮೆಯಲ್ಲಿ ವಿರಳ. ಮನೆಯಲ್ಲಿ ತಂದೆತಾಯಿಗಳೂ ತರಗತಿಯಲ್ಲಿ ಉಪಾಧ್ಯಾಯರೂ ಮಕ್ಕಳ ಹಿತವನ್ನು ಬಯಸಿಯೇ ಈ ಮಾತನ್ನು ಆಡುತ್ತ ಬಂದಿದ್ದಾರೆ. ಅದೇ ಮಗು ಪದವಿ ಪಡೆದು, ಹೊಲಕ್ಕೂ ಇಳಿಯದೆ, ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ದೊರೆಯುವ ಕೆಲಸಕ್ಕೂ ಮನಸ್ಸು ಕೊಡದೆ, ಬೆಂಗಳೂರಿನ ದಾರಿ ನೋಡುತ್ತ ಕುಳಿತಾಗ “ಈಗಿನ ಹುಡುಗರಿಗೆ ಮೈ ಬಗ್ಗದು” ಎಂದು ದೂರುವವರೂ ಆ ಹಿರಿಯರೇ. ಈ ದೂರು ಎಷ್ಟರಮಟ್ಟಿಗೆ ನ್ಯಾಯವಾದುದೆಂದು ವಿಚಾರಿಸುವುದು ವಿದ್ಯಾಸಂಸ್ಥೆಯೊಂದರ ಹಿತೈಷಿಗಳಿಗೆ ಉಚಿತವೇ ಸರಿ.

ವಿದ್ಯೆಯೊಂದೇ ಬಡತನದಿಂದ ಪಾರಾಗುವ ದಾರಿಯಾಗಿದ್ದ ಕಾಲವೊಂದಿತ್ತು. ಇದೇ ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದರು. ಮುಂದೆ ಅವರು ಭೌತಶಾಸ್ತ್ರದ ಅಧ್ಯಾಪಕರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು; ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ವಿದ್ಯಾಸಂಸ್ಥೆಗಳು ಬೆಳೆಯಲು ಕಾರಣರಾದರು. ಅಂದು ಪದವೀಧರರು ಬೆರಳೆಣಿಕೆಯಷ್ಟಿದ್ದರು. ಪದವಿಗೆ ತಕ್ಕ ಸ್ಥಾನ ಕಾದಿರುತ್ತಿತ್ತು. ಇಂದು ಪದವಿ ಊರೂರಿಗೂ ಬಂದಿದೆ, ಸ್ಥಾನಗಳು ಆ ಪ್ರಮಾಣದಲ್ಲಿ ಬೆಳೆದಿಲ್ಲ. ಹಿರಿಯರ ಆಶ್ವಾಸನೆ ಮಾತ್ರ ಹಳೆಯದೇ ಆಗಿ ಉಳಿದಿದೆ.

ಈ ಸಂಕಟವು ಅತ್ಯಂತ ಸ್ಪಷ್ಟವಾಗಿ ತೋರಿಬಂದಿರುವುದು ನೆರೆಯ ಚೀನಾ ದೇಶದಲ್ಲಿ. ಅಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಕಾಲೇಜು ಪ್ರವೇಶ ಪರೀಕ್ಷೆಯನ್ನು 1977ರಲ್ಲಿ ಪುನಃ ಆರಂಭಿಸಿದಾಗ ಸುಮಾರು 57 ಲಕ್ಷ ಮಂದಿ ಪರೀಕ್ಷೆಗೆ ಕುಳಿತರು. ಪ್ರವೇಶ ದೊರೆತದ್ದು ಸುಮಾರು 2 ಲಕ್ಷ 70 ಸಾವಿರ ಮಂದಿಗೆ. ಆ ಪೀಳಿಗೆಗೆ ಪದವಿಯು ಬದುಕನ್ನೇ ಬದಲಿಸಿತು. 2023ರಲ್ಲಿ ಕಾಲೇಜುಗಳಿಂದ ಹೊರಬಂದ ಪದವೀಧರರೇ 1 ಕೋಟಿ 15 ಲಕ್ಷಕ್ಕೂ ಅಧಿಕ. ಆ ವರ್ಷದ ಜೂನ್ ತಿಂಗಳಲ್ಲಿ ನಗರಗಳ 16ರಿಂದ 24 ವಯಸ್ಸಿನವರಲ್ಲಿ ನಿರುದ್ಯೋಗವು ಶೇ. 21.3ಕ್ಕೆ ಏರಿತು. ಬಳಿಕ ಸರ್ಕಾರವು ಕೆಲಕಾಲ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿ, ವಿದ್ಯಾರ್ಥಿಗಳನ್ನು ಲೆಕ್ಕದಿಂದ ಬಿಟ್ಟು 2024ರ ಜನವರಿಯಲ್ಲಿ ಮತ್ತೆ ಆರಂಭಿಸಿತು.

ಅದಕ್ಕೂ ಮುಂಚೆ, 2021ರಲ್ಲಿ, ಅಲ್ಲಿನ ತರುಣರ ನಡುವೆ ‘ತಾಂಗ್ ಪಿಂಗ್’ ಎಂಬ ಮಾತು ಹಬ್ಬಿತ್ತು. ಸ್ಪರ್ಧೆಯನ್ನೇ ಕೈಬಿಟ್ಟು ಸುಮ್ಮನೆ ಮಲಗಿಬಿಡುವುದು ಎಂದು ಅದರ ಅರ್ಥ. 2023ರಲ್ಲಿ ಅವರು ಲೂ ಶುನ್ ಎಂಬ ಲೇಖಕರು 1919ರಲ್ಲಿ ಪ್ರಕಟಿಸಿದ ಕಥೆಯೊಂದರ ನಾಯಕ ಕೊಂಗ್ ಯಿಜಿಯಲ್ಲಿ ತಮ್ಮನ್ನು ಕಂಡುಕೊಂಡರು. ಈತ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬಡ ಪಂಡಿತ. ಹೆಂಡದಂಗಡಿಯಲ್ಲಿ ಕೂಲಿಯವರ ಜೊತೆ ನಿಂತೇ ಕುಡಿಯುವನಾದರೂ ಪಂಡಿತರ ಉದ್ದ ನಿಲುವಂಗಿಯನ್ನು ಮಾತ್ರ ಕಳಚಲಾರ. ಆ ಒಣಜಂಬವನ್ನು ಬಿಟ್ಟು ದುಡಿಯಿರೆಂದು ಸರ್ಕಾರಿ ದೂರದರ್ಶನವು ಬುದ್ಧಿ ಹೇಳಿದಾಗ ತರುಣರು ಸಿಡಿದೆದ್ದರು. ಅವರ ಸಿಟ್ಟು ಅಕಾರಣವಾದುದಲ್ಲ. ಹಗಲಿರುಳು ಓದಿಸಿ ಆ ನಿಲುವಂಗಿಯನ್ನು ತೊಡಿಸಿದವರು ಹಿರಿಯರೇ ಅಲ್ಲವೆ?

ಈ ಪ್ರಶ್ನೆ ಕುಡುಮಲಕುಂಟೆಯ ಮನೆಬಾಗಿಲಿಗೂ ಬಂದು ನಿಂತಿದೆ. ಇಲ್ಲಿನ ತಂದೆತಾಯಿಗಳ ಭಯವೂ ನಿರಾಧಾರವಾದುದಲ್ಲ. ಕೇಂದ್ರ ಸರ್ಕಾರವು 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ, ಚೀನಾ ರೇಷ್ಮೆಯ ಪೈಪೋಟಿಗೆ ಸಿಕ್ಕಿ ಗೂಡಿನ ಬೆಲೆ ಕುಸಿದದ್ದನ್ನು ಶಿಡ್ಲಘಟ್ಟದ ಸುತ್ತಿನ ಬೆಳೆಗಾರರು ಮರೆತಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಬೆವರು ಸುರಿಸಿದವನೇ “ಈ ಕಷ್ಟ ನನಗೇ ಸಾಕು, ಮಗನಿಗೆ ಬೇಡ” ಎಂದರೆ ತಪ್ಪೆನ್ನುವವರಾರು? ಇನ್ನು ಸಮಾಜವೂ ಬೇಸಾಯಗಾರನನ್ನು ಆದರಿಸುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು ತಮಗೆ ಕನ್ಯೆ ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನಕ್ಕು ಮರೆಯುವ ಸುದ್ದಿ ಅದಲ್ಲ. ರೈತನಿಗೆ ಹೆಣ್ಣು ಕೊಡಲೊಲ್ಲದ ಸಮಾಜವು ಅವನ ಮಗನಿಗೆ ನೇಗಿಲು ಹಿಡಿಯೆಂದು ಯಾವ ಬಾಯಿಂದ ಹೇಳೀತು?

ತರುಣರದೂ ತಪ್ಪಿಲ್ಲವೆಂದಲ್ಲ. ವರ್ಷಗಟ್ಟಲೆ ಒಂದೇ ನೌಕರಿಗಾಗಿ ಕಾದು ಕುಳಿತರೆ ಕಲಿತ ವಿದ್ಯೆಯೂ ತುಕ್ಕು ಹಿಡಿಯುವುದು. ಆದರೆ ಅವರು ಕೇಳುತ್ತಿರುವುದನ್ನು ಆಲಿಸಿದರೆ ಅದರಲ್ಲಿ ಅತಿಯಾಸೆ ಅಷ್ಟಾಗಿ ಕಾಣದು. ದುಡಿಮೆಗೆ ತಕ್ಕ ಕೂಲಿ, ನಾಲ್ವರ ನಡುವೆ ತಲೆಯೆತ್ತಿ ನಿಲ್ಲುವ ಮರ್ಯಾದೆ, ನಾಳೆ ಇಂದಿಗಿಂತ ಹಸನಾದೀತೆಂಬ ಭರವಸೆ, ಇಷ್ಟೇ. ಶರಣರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಆ ತತ್ತ್ವವನ್ನು ಹುಡುಗರಿಗೆ ಬೋಧಿಸುವ ಮುನ್ನ, ಅಲ್ಪ ಕೂಲಿಗೆ ಹೆಚ್ಚು ದುಡಿಸಿಕೊಳ್ಳುವ ಧಣಿಗಳಿಗೂ, ಸಂಬಳ ನೋಡಿ ನೆಂಟಸ್ತನ ಬೆಳೆಸುವ ಮನೆತನಗಳಿಗೂ ಬೋಧಿಸುವುದು ನ್ಯಾಯ.

ಹಾಗಾದರೆ ಶಾಲೆಗಳು ಮಾಡಬೇಕಾದುದೇನು? ಮೊದಲನೆಯದಾಗಿ, ದನ ಕಾಯುವುದನ್ನು ದಂಡನೆಯೆಂದು ತೋರಿಸುವ ಆ ಹಳೆಯ ಗದರಿಕೆಯನ್ನು ಉಪಾಧ್ಯಾಯರು ಕೈಬಿಡಬೇಕು. ತಂದೆ ಮಾಡುವ ಕೆಲಸವೇ ಶಿಕ್ಷೆಯೆಂದು ಕೇಳುತ್ತ ಬೆಳೆದ ಮಗು ಆ ಕೆಲಸವನ್ನೂ ತಂದೆಯನ್ನೂ ಹೇಗೆ ತಾನೆ ಗೌರವಿಸೀತು? ಎರಡನೆಯದಾಗಿ, ವಾರ್ಷಿಕೋತ್ಸವದ ವೇದಿಕೆಗೆ ಇಂಜಿನಿಯರು, ಅಧಿಕಾರಿಗಳಾದ ಹಳೆಯ ವಿದ್ಯಾರ್ಥಿಗಳನ್ನು ಕರೆಯುವಂತೆಯೇ ಒಳ್ಳೆಯ ಬೆಳೆ ತೆಗೆದವನನ್ನೂ, ಯಂತ್ರ ನಡೆಸುವ ಕುಶಲ ಕೆಲಸಗಾರನನ್ನೂ, ಹೊಲಿಗೆಯಿಂದ ಸಂಸಾರ ನಡೆಸುವ ಹೆಣ್ಣುಮಗಳನ್ನೂ ಕರೆದು ಸನ್ಮಾನಿಸಬೇಕು. ಮೂರನೆಯದಾಗಿ, ದಾನಿಗಳ ಔದಾರ್ಯವು ಕಟ್ಟಡಗಳಲ್ಲೇ ಮುಗಿಯದೆ, ಶಾಲೆ ಬಿಟ್ಟ ಮಕ್ಕಳ ಕೈಕೆಲಸದ ತರಬೇತಿಗೂ ಹರಿದುಬರಬೇಕು.

ನಿಲುವಂಗಿಯನ್ನು ತೊಡಿಸಿದ ಕೈಗಳೇ ಅದನ್ನು ಕಳಚಲು ನೆರವಾಗಬೇಕು. ಕಳಚಿದವನನ್ನು ಕಂಡು ಆಡಿಕೊಳ್ಳದಿರುವುದೂ ಆ ನೆರವಿನಲ್ಲಿ ಸೇರಿದೆ. ಅಷ್ಟು ನಡೆದ ದಿನ, ಹೊಲಕ್ಕೆ ಹೋಗುವವನೂ ರೈಲು ಹತ್ತುವವನೂ ತಾನು ಸೋತೆನೆಂದು ಭಾವಿಸದೆ ಒಂದೇ ಶಾಲೆಯ ಮಕ್ಕಳಾಗಿ ಪರಸ್ಪರ ಮುಖವೆತ್ತಿ ನೋಡಿಯಾರು.