ಮಳೆಗಾಲದ ಬ್ಯಾಟರಿಗೆ ಮೀಟರ್ ಬೇಕೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಮನೆಗಳಿಗೆ ಸೋಲಾರ್ ಹೊಸದಲ್ಲ. ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಶುರುವಾದ ಕಾಲಕ್ಕೆ ಒಂದು ಮನೆಗೆ ನಾಲ್ಕು ದೀಪ ಉರಿದರೆ ಅದೇ ದೊಡ್ಡದು. ಅಷ್ಟಕ್ಕೆ ಚಾರ್ಜ್ ಕಂಟ್ರೋಲರಿನ ಹಸಿರು, ಕೆಂಪು ದೀಪಗಳೇ ಸಾಕಾಗಿದ್ದವು. ಈಗ ಅಂಥದೇ ಮನೆಯಲ್ಲಿ ಟಿವಿ, ಮಿಕ್ಸಿ, ವೈಫೈ, ಕೆಲವೆಡೆ ಸಣ್ಣ ಫ್ರಿಜ್ ಕೂಡ ಇದೆ. ಎಲ್ಲವೂ ನಿಂತಿರುವುದು ಜಗಲಿಯ ಮೂಲೆಯ ಒಂದೆರಡು ಬ್ಯಾಟರಿಗಳ ಮೇಲೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ದಿನಕ್ಕೆ ಎಷ್ಟು ಖರ್ಚಾಗುತ್ತಿದೆ ಎಂದು ಅಂಕಿಯಲ್ಲಿ ತೋರಿಸುವ ಮೀಟರನ್ನು ಇವರೂ ಹಾಕಿಸಬೇಕೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ಬೇಕು ಎನ್ನುವವರ ವಾದ ಗಟ್ಟಿಯಾಗಿದೆ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧಕ್ಕಿಳಿದಾಗ 12.2ರ ಆಸುಪಾಸು. ಆದರೆ ಸೋಲಾರ್ ಮನೆಯ ಬ್ಯಾಟರಿ ಸುಮ್ಮನಿರುವುದು ಯಾವಾಗ? ಹಗಲು ಪ್ಯಾನೆಲ್ ತುಂಬುತ್ತಿರುವಾಗ ವೋಲ್ಟೇಜ್ 14 ದಾಟಿ, ಬ್ಯಾಟರಿ ತುಂಬಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ರಾತ್ರಿ ಮಿಕ್ಸಿ ತಿರುಗಿದರೆ ಸಾಕು, ಖಾಲಿಯಾದಂತೆ ಕುಸಿಯುತ್ತದೆ. ಕಂಟ್ರೋಲರಿನ ಕೆಂಪು ದೀಪ ಹತ್ತಿ ಲೋಡ್ ಕಡಿತವಾಗುವುದು ಸಾಮಾನ್ಯವಾಗಿ 11 ವೋಲ್ಟಿನ ಆಸುಪಾಸಿನಲ್ಲಿ. ಎರಡು ದೀಪವಷ್ಟೇ ಉರಿಯುತ್ತಿರುವ ಮನೆಯಲ್ಲಿ ಆ ಹೊತ್ತಿಗೆ ಬ್ಯಾಟರಿಯೊಳಗೆ ಏನೂ ಉಳಿದಿರುವುದಿಲ್ಲ. ಹೀಗೆ ತಳ ಕಂಡ ಬ್ಯಾಟರಿ ದಿನಗಟ್ಟಲೆ ಹಾಗೆಯೇ ಉಳಿದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮುಂದೆ ಎಷ್ಟು ಬಿಸಿಲು ಬಂದರೂ ಮೊದಲಿನಷ್ಟು ಚಾರ್ಜ್ ಹಿಡಿಯುವುದಿಲ್ಲ. ಎಚ್ಚರಿಕೆ ಬರಬೇಕಾದದ್ದು ಇದಕ್ಕಿಂತ ಬಹಳ ಮೊದಲು.

ಖರ್ಚಿನ ಲೆಕ್ಕದಲ್ಲಂತೂ ಮೀಟರು ಮಾಡುವ ಉಪಕಾರ ದೊಡ್ಡದು. 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಗಂಟೆ ಇದೆ, ಅಂದರೆ ಎರಡು ಯೂನಿಟ್ಟಿಗೂ ಕಡಿಮೆ. ಬ್ಯಾಟರಿ ಬಾಳಬೇಕೆಂದು ಅರ್ಧದಷ್ಟೇ ಬಳಸಿದರೆ 900. ಹತ್ತು ವಾಟಿನ ರೂಟರ್ ಹಗಲೂ ರಾತ್ರಿ ಉರಿದರೆ 240. ಬರಿದೇ ಆನ್ ಆಗಿರುವ ಇನ್ವರ್ಟರ್ 15 ವಾಟ್ ತಿನ್ನುವುದಾದರೆ ದಿನಕ್ಕೆ 360. ಎರಡೂ ಸೇರಿ 600. ಯಾರೂ ಒಂದು ಸ್ವಿಚ್ಚನ್ನೂ ಒತ್ತುವ ಮೊದಲೇ ದಿನದ ಪಾಲಿನ ಮೂರರಲ್ಲಿ ಎರಡು ಭಾಗ ಹೋಯಿತು! ಮನೆಯವರು ಮಾತ್ರ ಮಕ್ಕಳು ಓದುವ ಕೋಣೆಯ 9 ವಾಟಿನ ಎಲ್‌ಇಡಿ ಬಲ್ಬನ್ನು ಆರಿಸುತ್ತಿರುತ್ತಾರೆ. ಕಳ್ಳ ಯಾರೆಂದು ಅಂಕಿ ಕಾಣದೆ ತಿಳಿಯದು.

ಲಿಥಿಯಂ ಬಂದ ಮೇಲೆ ಈ ವಾದಕ್ಕೆ ಇನ್ನಷ್ಟು ಬಲ ಬಂದಿದೆ. ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಶೇ. 80ರಿಂದ 30ಕ್ಕೆ ಇಳಿದರೂ ವೋಲ್ಟೇಜ್ ಹೆಚ್ಚುಕಡಿಮೆ 13.3 ಮತ್ತು 13ರ ನಡುವೆಯೇ ಇರುತ್ತದೆ. ವೋಲ್ಟ್ ಮೀಟರ್ ನೋಡಿ ಅದರ ಹೊಟ್ಟೆ ಅಳೆಯಲು ಆಗುವುದಿಲ್ಲ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಶಂಟ್ ಮೂಲಕ ಎಣಿಸುವ ಮೀಟರೇ ಬೇಕು.

ಆದರೆ ಈ ಎಣಿಕೆಗೊಂದು ಮಿತಿ ಇದೆ, ಮಲೆನಾಡಿನಲ್ಲಿ ಅದು ಸಣ್ಣದಲ್ಲ. ಶಂಟ್ ಮೀಟರ್ ಬ್ಯಾಟರಿಯೊಳಗೆ ನೋಡುವುದಿಲ್ಲ. ಕಣಜದೊಳಗೆ ಇಣುಕದೆ, ಹಾಕಿದ ಕೊಳಗ, ತೆಗೆದ ಕೊಳಗ ಬರೆದಿಟ್ಟು ಉಳಿದ ಭತ್ತ ಇಷ್ಟೆಂದು ಹೇಳುವ ಕೆಲಸ ಅದರದು. ಬ್ಯಾಟರಿ ಪೂರ್ತಿ ತುಂಬಿದಾಗಲೆಲ್ಲ ಲೆಕ್ಕ ನೂರಕ್ಕೆ ಬಂದು ತಪ್ಪು ಅಳಿಸಿಹೋಗುತ್ತದೆ. ತುಂಬದಿದ್ದರೆ ತಪ್ಪು ಬೆಳೆಯುತ್ತದೆ. ಅಳತೆಗೆ ಸಿಗದ ಹತ್ತನೇ ಒಂದು ಆಂಪಿಯರ್ ದಿನಕ್ಕೆ 2.4 ಎಎಚ್ ಆಗುತ್ತದೆ. ಇಪ್ಪತ್ತು ದಿನಕ್ಕೆ 48, ಅಂದರೆ 150ರ ಬ್ಯಾಟರಿಯ ಮೂರನೇ ಒಂದು ಪಾಲು. ಆರಿದ್ರಾದಿಂದ ಆಶ್ಲೇಷಾ ಮುಗಿಯುವವರೆಗೆ ಮಲೆನಾಡಿನ ಬ್ಯಾಟರಿ ಎಷ್ಟು ಸಲ ಪೂರ್ತಿ ತುಂಬೀತು? ಮೀಟರ್ ಅತ್ಯಂತ ಅಗತ್ಯವಾದ ತಿಂಗಳುಗಳಲ್ಲೇ ಅದರ ಮಾತು ಅತ್ಯಂತ ಸಡಿಲ. ಜೊತೆಗೆ, ಐದು ವರ್ಷ ಹಳೆಯ ಬ್ಯಾಟರಿಯಲ್ಲಿ 150 ಎಎಚ್ ಉಳಿದಿರುವುದಿಲ್ಲ. ಮೀಟರಿನಲ್ಲಿ ಆ ಅಂಕಿ ಬದಲಿಸುವವರು ಯಾರೂ ಇಲ್ಲದಿದ್ದರೆ ಅದು ಶೇ. 50 ಎಂದು ತೋರಿಸುತ್ತಿರುವಾಗಲೇ ಮನೆ ಕತ್ತಲಾಗುತ್ತದೆ.

ಬೇಡ ಎನ್ನುವವರ ಕೈಯಲ್ಲಿ ಹೈಡ್ರೋಮೀಟರ್ ಇದೆ. ಬ್ಯಾಟರಿಯೊಳಗಿನ ಆಸಿಡ್ಡಿನ ಸಾಂದ್ರತೆ ಅಳೆಯುವ, ಕೆಲವು ನೂರು ರೂಪಾಯಿಯ ಗಾಜಿನ ಕೊಳವೆ. ನಮ್ಮಲ್ಲಿ ಸಿಗುವ ಹೆಚ್ಚಿನ ಟ್ಯೂಬ್ಯುಲರ್ ಬ್ಯಾಟರಿಗಳು ತುಂಬಿದಾಗ ಅದು 1240ರ ಆಸುಪಾಸು ತೋರಿಸುತ್ತದೆ. ಆರು ಸೆಲ್ಲುಗಳನ್ನು ಬೇರೆಬೇರೆಯಾಗಿ ಅಳೆಯುವುದರಿಂದ, ಒಂದೇ ಒಂದು ಸೆಲ್ ಹಿಂದೆ ಬಿದ್ದಿದ್ದರೂ ಸಿಕ್ಕಿಬೀಳುತ್ತದೆ. ಸಾವಿರಾರು ರೂಪಾಯಿಯ ಶಂಟ್ ಮೀಟರಿಗೆ ಇದು ಕಾಣುವುದೇ ಇಲ್ಲ. ಹಾಗೆಂದು ಇದು ನಿತ್ಯದ ಸಾಧನವಲ್ಲ. ಆಸಿಡ್ ಹನಿ ಬಿದ್ದರೆ ಬಟ್ಟೆ ತೂತು, ಕಣ್ಣಿಗೆ ಹಾರಿದರೆ ಅಪಾಯ. ಬ್ಯಾಟರಿ ನೀರು ಹಾಕಿದ ಕೂಡಲೇ ನೋಡಿದರೆ ಅಳತೆ ತಪ್ಪು. ಸೀಲ್ ಆದ ಬ್ಯಾಟರಿಗೆ, ಲಿಥಿಯಂಗೆ ಇದು ಒಗ್ಗುವುದೂ ಇಲ್ಲ.

ಈ ಚರ್ಚೆಯಲ್ಲಿ ಕಡಿಮೆ ಕೇಳಿಬರುವ ಇನ್ನೊಂದು ಮಾತಿದೆ. ಅಂಕಿ ಯಾರಿಗೆ ಕಾಣುತ್ತದೆ? ಇತ್ತೀಚಿನ ಮೀಟರುಗಳಲ್ಲಿ ಎಷ್ಟೋ ಬ್ಲೂಟೂತ್ ಮೂಲಕ ಮೊಬೈಲಿಗೆ ಮಾತ್ರ ಉತ್ತರ ಕೊಡುತ್ತವೆ. ಆ ಮೊಬೈಲು ಹೆಚ್ಚಾಗಿ ಯಜಮಾನರ ಕಿಸೆಯಲ್ಲಿರುತ್ತದೆ. ಮಿಕ್ಸಿ ಹಾಕಬೇಕೋ ಬೇಡವೋ ಎಂದು ಅಡುಗೆಮನೆಯಲ್ಲಿ ನಿಂತು ತೀರ್ಮಾನಿಸಬೇಕಾದವರಿಗೆ ಅದು ಕಾಣುವುದಿಲ್ಲ. ‘ಬೇಡ’ ಎಂಬ ಅಪ್ಪಣೆಯಷ್ಟೇ ಕೇಳುತ್ತದೆ. ಹಾಕಿಸುವುದಾದರೆ ಗೋಡೆಯ ಮೇಲೆ, ಮಕ್ಕಳಿಗೂ ಕಾಣುವ ಎತ್ತರದಲ್ಲಿ ಹಾಕಿಸಬೇಕು ಎಂಬುದರಲ್ಲಿ ನನಗೆ ಎರಡು ಮನಸ್ಸಿಲ್ಲ.

ದೂರದಿಂದಲೇ ನಿಗಾ ಇಡುವ ವ್ಯವಸ್ಥೆಗೂ ಎರಡು ಮುಖಗಳಿವೆ. ಘಟ್ಟದ ಕೆಟ್ಟ ದಾರಿಯಲ್ಲಿ ಬೈಕಿನಲ್ಲಿ ಬರಬೇಕಾದ ಸರ್ವಿಸ್ ಹುಡುಗನಿಗೆ, ಕೆಟ್ಟದ್ದು ಕಂಟ್ರೋಲರೋ ಬ್ಯಾಟರಿಯೋ ಎಂದು ಹೊರಡುವ ಮೊದಲೇ ತಿಳಿದರೆ ಒಂದು ಓಡಾಟ ಉಳಿಯುತ್ತದೆ, ಮನೆಯವರಿಗೆ ಒಂದು ವಾರದ ಕತ್ತಲೆ ತಪ್ಪುತ್ತದೆ. ಕೀನ್ಯಾದ ಸೋಲಾರ್ ಕಂಪನಿ ಎಂ-ಕೋಪಾ ಇದೇ ಬಗೆಯ ಸಂಪರ್ಕವನ್ನು ಕಂತು ವಸೂಲಿಗೂ ಬಳಸಿತು. ಮೊಬೈಲಿನಲ್ಲಿ ಹಣ ಬಂದರೆ ದೀಪ, ನಿಂತರೆ ದೀಪವೂ ಬಂದ್. ಮುಂಗಡ ದೊಡ್ಡ ಹಣವಿಲ್ಲದ ಲಕ್ಷಾಂತರ ಮನೆಗಳಿಗೆ ಬೆಳಕು ಹೋದದ್ದು ಆ ದಾರಿಯಲ್ಲೇ. ಆದರೂ ಮನೆಯ ದೀಪದ ಕೀಲಿ ಬೇರೆಯವರ ಕೈಯಲ್ಲಿರುವುದಕ್ಕೆ ಒಪ್ಪುವ ಮುನ್ನ, ಅದನ್ನು ಕನ್ನಡದಲ್ಲಿ ವಿವರಿಸಿ ಹೇಳಿಸಿಕೊಳ್ಳುವ ಹಕ್ಕು ಕೊಳ್ಳುವವರಿಗೆ ಇರಲೇಬೇಕು.

ಇಷ್ಟನ್ನು ತೂಗಿದಾಗ ನನ್ನ ಒಲವು ಹೀಗಿದೆ. ನಾಲ್ಕಾರು ದೀಪ, ಒಂದು ಟ್ಯೂಬ್ಯುಲರ್ ಬ್ಯಾಟರಿ ಇರುವ ಮನೆಗೆ ಶಂಟ್ ಮೀಟರಿನ ಖರ್ಚು ಬೇಡ. ಬೆಳಿಗ್ಗೆ ಪ್ಯಾನೆಲ್‌ಗೆ ಬಿಸಿಲು ತಾಗುವ ಮೊದಲು, ಲೋಡ್ ಆರಿಸಿ ವೋಲ್ಟೇಜ್ ನೋಡಿ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದರೆ ಏರಿಳಿತ ತಾನಾಗಿ ಕಾಣುತ್ತದೆ. ಇನ್ವರ್ಟರ್, ಫ್ರಿಜ್ ಇರುವಲ್ಲಿ, ಲಿಥಿಯಂ ಇರುವಲ್ಲಿ ಮೀಟರ್ ಬೇಕೇ ಬೇಕು. ಆದರೆ ಮಳೆಗಾಲದಲ್ಲಿ ಅದರ ಶೇಕಡಾವಾರು ಅಂಕಿಗಿಂತ ದಿನಕ್ಕೆ ಒಳಬಂದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ಹೆಚ್ಚು ನಂಬಬೇಕು. ಮೋಡ ಕವಿದ ಮೂರು ದಿನ ಸತತವಾಗಿ ಖರ್ಚೇ ಹೆಚ್ಚಾಗಿದ್ದರೆ ಶೇಕಡಾ ಏನೇ ಹೇಳಲಿ, ಮೊದಲು ಇನ್ವರ್ಟರ್ ಆರಿಸಿ, ಡಿಸಿ ದೀಪಗಳನ್ನು ಉಳಿಸಿಕೊಳ್ಳುವುದು ಸರಿ. ನವರಾತ್ರಿಯ ಹೊತ್ತಿಗೆ ಬಿಸಿಲು ಮರಳಿದ ಮೇಲೆ ಬ್ಯಾಟರಿಯನ್ನು ಒಮ್ಮೆ ಪೂರ್ತಿ ತುಂಬಿಸಿ, ಮೀಟರನ್ನು ನೂರಕ್ಕೆ ತಂದು, ಲೆಡ್ ಆಸಿಡ್ ಆದರೆ ಆರೂ ಸೆಲ್ಲಿಗೆ ಹೈಡ್ರೋಮೀಟರ್ ಇಳಿಸಿ ನೋಡಬೇಕು.